ಡಾ. ದ್ವಾರಕಾನಾಥ ಕೋಟ್ನೀಸ್ (1910–1942): ಚೀನಾಕ್ಕೆ ತೆರಳಿದ ಭಾರತೀಯ ವೈದ್ಯ ತಂಡದ ಸದಸ್ಯರು

ವೈದ್ಯಕೀಯ ಸೇವೆಗೆ ತಮ್ಮ ಬದುಕನ್ನು ಮುಡಿಪಾಗಿಟ್ಟ ಮಹನೀಯರ ಪರಿಚಯವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ. ಚಿಕಿತ್ಸೆಗಾಗಿ ಆಸ್ಪತ್ರೆಗೆ ಬರುವ ನಾಗರಿಕರು ಸಾಮಾನ್ಯವಾಗಿ ವೈದ್ಯರೊಬ್ಬರ ಹೆಸರನ್ನು ಮಾತ್ರ ನೆನಪಿನಲ್ಲಿಟ್ಟುಕೊಂಡು ಮನೆಗೆ ಹಿಂತಿರುಗುತ್ತಾರೆ. ಅವರೊಂದಿಗೆ ದುಡಿದ ದಾದಿಯರು, ಔಷಧಿ ವಿತರಿಸುವವರು, ಗಾಯ ತೊಳೆದು ಪಟ್ಟಿ ಕಟ್ಟುವವರು, ರೋಗಿಯನ್ನು ಹೊತ್ತು ತರುವವರು ಗಮನಕ್ಕೆ ಬರುವುದು ವಿರಳ. ಡಾ. ಕೋಟ್ನೀಸರ ಜೀವನವನ್ನೂ ಒಬ್ಬಂಟಿ ಸಾಹಸಿಯ ಕಥೆಯಾಗಿ ಹೇಳುವುದೇ ರೂಢಿಯಾಗಿದೆ. ವಸ್ತುತಃ ಅವರು ಮನೆಯಿಂದ ಹೊರಟದ್ದು ಐವರಲ್ಲಿ ಒಬ್ಬರಾಗಿ. ಕೊನೆಯುಸಿರೆಳೆದದ್ದು ಒಂದು ಆಸ್ಪತ್ರೆಯ ಸಹೋದ್ಯೋಗಿಗಳ ನಡುವೆ.

ದ್ವಾರಕಾನಾಥ ಶಾಂತಾರಾಮ ಕೋಟ್ನೀಸರು 1910ರ ಅಕ್ಟೋಬರ್ 10ರಂದು ಸೊಲ್ಲಾಪುರದ ಮಧ್ಯಮ ವರ್ಗದ ಕುಟುಂಬವೊಂದರಲ್ಲಿ ಜನಿಸಿದರು. ವಿಜಯಪುರ ಮತ್ತು ಕಲಬುರಗಿ ಜಿಲ್ಲೆಗಳಿಗೆ ನೆರೆಯಾದ ಸೊಲ್ಲಾಪುರವು ಮರಾಠಿ, ಕನ್ನಡ, ತೆಲುಗು ಮೂರೂ ಕೇಳಿಬರುವ ಊರು. ಆ ಕಾಲದಲ್ಲಿ ಅದು ಬಿಜಾಪುರ, ಧಾರವಾಡಗಳಂತೆಯೇ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಮುಂಬಯಿಯ ಸೇಠ್ ಜಿ. ಎಸ್. ವೈದ್ಯಕೀಯ ಕಾಲೇಜಿನಲ್ಲಿ ಅವರು ವೈದ್ಯಶಿಕ್ಷಣ ಪಡೆದರು. ಸ್ನಾತಕೋತ್ತರ ಅಧ್ಯಯನಕ್ಕೆ ಸಿದ್ಧತೆ ನಡೆಸಿದ್ದ ಸಮಯದಲ್ಲಿಯೇ ಅವರ ಬಾಳು ಬೇರೆ ದಾರಿ ಹಿಡಿಯಿತು.

1937ರ ಜುಲೈನಲ್ಲಿ ಜಪಾನ್ ಸೈನ್ಯವು ಚೀನಾದ ಮೇಲೆ ಪೂರ್ಣ ಪ್ರಮಾಣದ ಆಕ್ರಮಣ ನಡೆಸಿತು. ಗಾಯಾಳುಗಳ ಸಂಖ್ಯೆ ಅಪಾರವಾಗಿತ್ತು. ತರಬೇತಿ ಪಡೆದ ವೈದ್ಯರು ಬೆರಳೆಣಿಕೆಯಷ್ಟು. ಚೀನಾದ ಸೇನಾನಿ ಝು ದೆ ಅವರು ನೆರವು ಕೋರಿ ಜವಾಹರಲಾಲ್ ನೆಹರೂ ಅವರಿಗೆ ಪತ್ರ ಬರೆದರು. 1938ರಲ್ಲಿ ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಸುಭಾಷ್ ಚಂದ್ರ ಬೋಸ್ ಅವರು ದೇಶದ ಜನತೆಯಲ್ಲಿ ಮನವಿ ಮಾಡಿಕೊಂಡರು. ಸಾರ್ವಜನಿಕರ ವಂತಿಗೆಯಿಂದ ಹಣ ಸಂಗ್ರಹವಾಯಿತು. ಔಷಧಿ, ಉಪಕರಣಗಳು ಹಾಗೂ ಆಂಬುಲೆನ್ಸ್ ವಾಹನ ಸಿದ್ಧವಾದವು. ತಾನೇ ಪರಾಧೀನವಾಗಿದ್ದ ದೇಶದ ಜನರು ಮತ್ತೊಂದು ದೇಶದ ಗಾಯಾಳುಗಳಿಗಾಗಿ ಹೀಗೆ ಕೈಯೆತ್ತಿ ನೀಡಿದರೆಂಬುದು ಗಮನಾರ್ಹ.

ತಂಡದ ಮುಖ್ಯಸ್ಥರಾಗಿ ಅಲಹಾಬಾದಿನ ಡಾ. ಎಂ. ಅಟಲ್ ಅವರನ್ನು ಆಯ್ಕೆ ಮಾಡಲಾಯಿತು. ಅವರು ಸ್ಪೇನಿನ ಅಂತರ್ಯುದ್ಧದಲ್ಲಿ ಗಾಯಾಳುಗಳ ಸೇವೆ ಮಾಡಿ ಅನುಭವ ಪಡೆದಿದ್ದರು. ಉಪಮುಖ್ಯಸ್ಥರು ನಾಗಪುರದ ಹಿರಿಯ ವೈದ್ಯರಾದ ಡಾ. ಚೋಳ್ಕರ್. ಕಲ್ಕತ್ತೆಯಿಂದ ಡಾ. ಬಿ. ಕೆ. ಬಸು ಮತ್ತು ಡಾ. ದೇಬೇಶ್ ಮುಖರ್ಜಿ ಸೇರಿದರು. ಐದನೆಯವರು ಕೋಟ್ನೀಸ್, ಆಗ ಅವರ ವಯಸ್ಸು ಇಪ್ಪತ್ತೇಳು. ಈ ಐವರು 1938ರ ಸೆಪ್ಟೆಂಬರ್ ತಿಂಗಳಿನಲ್ಲಿ ಮುಂಬಯಿಯಿಂದ ಹಡಗಿನಲ್ಲಿ ಹೊರಟರು.

ಚೀನಾ ತಲುಪಿದ ಮೇಲೆ ನೆಮ್ಮದಿಯ ದಿನಗಳು ಅವರಿಗೆ ದೊರೆಯಲಿಲ್ಲ. ವುಹಾನ್ ನಗರದಲ್ಲಿ ಕೆಲಸ ಆರಂಭಿಸಿದ ಕೆಲವೇ ವಾರಗಳಲ್ಲಿ ಆ ನಗರವು ಜಪಾನೀಯರ ವಶವಾಗುವ ಸ್ಥಿತಿಗೆ ಬಂತು. ತಂಡವು ಅಲ್ಲಿಂದ ಇಚಾಂಗ್‌ಗೆ, ಅನಂತರ ಚೊಂಗ್‌ಚಿಂಗ್‌ಗೆ ಸ್ಥಳಾಂತರಗೊಂಡಿತು. ಈ ಅಲೆದಾಟದ ನಡುವೆ ಐವರಿಗೂ ಚೀನೀ ಹೆಸರುಗಳನ್ನು ಇಡಲಾಯಿತು. ಪ್ರತಿ ಹೆಸರಿನ ಕೊನೆಯಲ್ಲಿ ಚೀನಾ ಎಂಬ ಅರ್ಥ ಕೊಡುವ ಹುವಾ ಎಂಬ ಅಕ್ಷರವನ್ನು ಸೇರಿಸಲಾಯಿತು. ಕೋಟ್ನೀಸರು ಕೆ ದಿಹುವಾ ಆದರು, ಬಸು ಅವರು ಬಾ ಸುಹುವಾ ಆದರು. ಬೇರೆ ಬೇರೆ ಪ್ರಾಂತ್ಯ, ಬೇರೆ ಬೇರೆ ಭಾಷೆಗಳಿಂದ ಬಂದ ಐವರಿಗೆ ಒಂದೇ ಮನೆತನದವರ ಹೆಸರಿನಂತೆ ಸಮಾನವಾದ ಅಂತ್ಯಾಕ್ಷರ ದೊರೆತದ್ದು ಹೀಗೆ.

ಇದೇ ಅವಧಿಯಲ್ಲಿ ಸೊಲ್ಲಾಪುರದಿಂದ ತಂದೆಯವರ ನಿಧನದ ಸುದ್ದಿ ಬಂತು. ಊರಿಗೆ ಹಿಂತಿರುಗುವಂತೆ ಸಂಗಡಿಗರು ಅವರಿಗೆ ತಿಳಿಹೇಳಿದರು. ಕೋಟ್ನೀಸರು ಒಪ್ಪಲಿಲ್ಲ. ಮನೆಯಲ್ಲಿ ತಾಯಿ, ಒಡಹುಟ್ಟಿದವರು ಇದ್ದ ಯುವಕನಿಗೆ ಈ ನಿರ್ಧಾರ ಸುಲಭವಾಗಿದ್ದಿರಲಾರದು.

1939ರ ಫೆಬ್ರವರಿಯಲ್ಲಿ ತಂಡವು ಯೆನಾನ್ ತಲುಪಿತು. ಅಲ್ಲಿನ ಹಳದಿ ಮಣ್ಣಿನ ಗುಡ್ಡಗಳಲ್ಲಿ ಕೊರೆದ ಗುಹೆಗಳೇ ಆಸ್ಪತ್ರೆಯ ವಾರ್ಡುಗಳಾಗಿದ್ದವು. ವಿಮಾನದಾಳಿಯಿಂದ ರೋಗಿಗಳನ್ನು ರಕ್ಷಿಸಲು ಅದಕ್ಕಿಂತ ಉತ್ತಮವಾದ ಕಟ್ಟಡ ಬೇರೆ ಇರಲಿಲ್ಲ. ಆಹಾರ ಸರಳ, ಚಳಿ ತೀವ್ರ, ಔಷಧಿಗಳ ಕೊರತೆ ನಿತ್ಯದ ಮಾತು. ಅನಾರೋಗ್ಯವೂ ಸೇರಿದಂತೆ ನಾನಾ ಕಾರಣಗಳಿಂದ ಚೋಳ್ಕರ್, ಮುಖರ್ಜಿ ಮತ್ತು ಅನಂತರ ಅಟಲ್ ಅವರು ಭಾರತಕ್ಕೆ ಮರಳಿದರು. ಮರಳಿದವರ ಸೇವೆಯನ್ನು ಕಡಿಮೆಯೆಂದು ಎಣಿಸುವುದು ಉಚಿತವಲ್ಲ. ಅವರೂ ಅದೇ ಬಾಂಬುಗಳ ಕೆಳಗೆ ದುಡಿದವರು. ಉಳಿದವರು ಕೋಟ್ನೀಸ್ ಮತ್ತು ಬಸು.

1940ರಲ್ಲಿ ಇವರಿಬ್ಬರೂ ಶಾನ್ಸಿ, ಚಾಹರ್ ಮತ್ತು ಹೆಬೈ ಪ್ರಾಂತ್ಯಗಳ ಗಡಿ ಪ್ರದೇಶಕ್ಕೆ ತೆರಳಿದರು. ಬಸು ಅವರು ಯೆನಾನ್‌ಗೆ ಹಿಂತಿರುಗಿದ ಮೇಲೆ ಆ ಪ್ರದೇಶದಲ್ಲಿ ಕೋಟ್ನೀಸರು ಒಬ್ಬರೇ ಭಾರತೀಯ ವೈದ್ಯರಾಗಿ ಉಳಿದರು. ಕೆನಡಾದ ಪ್ರಸಿದ್ಧ ಶಸ್ತ್ರವೈದ್ಯ ಡಾ. ನಾರ್ಮನ್ ಬೆಥೂನ್ ಅವರು ಸೇವೆ ಸಲ್ಲಿಸಿದ್ದ ಪ್ರದೇಶವದು. ಶಸ್ತ್ರಚಿಕಿತ್ಸೆಯ ವೇಳೆ ಬೆರಳಿಗಾದ ಗಾಯವು ನಂಜೇರಿ, 1939ರ ನವೆಂಬರ್ 12ರಂದು ಬೆಥೂನ್ ಅವರು ಮೃತಪಟ್ಟಿದ್ದರು. ಅವರ ಹೆಸರಿನ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಗೆ 1941ರ ಜನವರಿಯಲ್ಲಿ ಕೋಟ್ನೀಸರನ್ನು ನಿರ್ದೇಶಕರನ್ನಾಗಿ ನೇಮಿಸಲಾಯಿತು.

ಆಸ್ಪತ್ರೆ ಎಂದೊಡನೆ ದೊಡ್ಡ ಕಟ್ಟಡವನ್ನು ಕಲ್ಪಿಸಿಕೊಳ್ಳಬಾರದು. ಹಳ್ಳಿಯ ಮನೆಗಳೇ ವಾರ್ಡುಗಳು, ರೈತ ಕುಟುಂಬಗಳೇ ಉಪಚಾರಕರು. ಶತ್ರು ಸೈನ್ಯವು ಸಮೀಪಿಸಿದ ಸುದ್ದಿ ಬಂದರೆ ರೋಗಿಗಳನ್ನು, ಉಪಕರಣಗಳನ್ನು, ಔಷಧಿ ಪೆಟ್ಟಿಗೆಗಳನ್ನು ಹೊತ್ತು ಬೆಟ್ಟದ ದಾರಿ ಹಿಡಿಯಬೇಕಿತ್ತು. ಪಟ್ಟಿಯ ಬಟ್ಟೆಯನ್ನು ಒಗೆದು, ಕುದಿಸಿ, ಮತ್ತೆ ಬಳಸಲಾಗುತ್ತಿತ್ತು. 1940ರ ಒಂದು ದೀರ್ಘ ಕಾಳಗದ ಸಮಯದಲ್ಲಿ ಕೋಟ್ನೀಸರು 72 ಗಂಟೆಗಳ ಕಾಲ ನಿದ್ರೆಯಿಲ್ಲದೆ ಶಸ್ತ್ರಚಿಕಿತ್ಸೆ ನಡೆಸಿದರೆಂದೂ, ಆ ಕಾರ್ಯಾಚರಣೆಯಲ್ಲಿ 800ಕ್ಕೂ ಹೆಚ್ಚು ಗಾಯಾಳುಗಳಿಗೆ ಚಿಕಿತ್ಸೆ ನೀಡಿದರೆಂದೂ ಅವರ ಜೀವನವೃತ್ತಾಂತಗಳು ತಿಳಿಸುತ್ತವೆ. ಈ ಸಂಖ್ಯೆಗಳನ್ನು ಓದುವಾಗ ಇನ್ನೊಂದು ಸಂಗತಿಯನ್ನೂ ನೆನೆಯಬೇಕು. ಒಬ್ಬ ವೈದ್ಯನು 72 ಗಂಟೆ ಕತ್ತರಿ ಹಿಡಿಯಬೇಕಾದರೆ, ಅಷ್ಟೇ ಹೊತ್ತು ದೀಪ ಹಿಡಿದವರು, ನೀರು ಕುದಿಸಿದವರು, ಸ್ಟ್ರೆಚರ್ ಹೊತ್ತವರು ಇರಲೇಬೇಕು. ಅವರ ಹೆಸರುಗಳು ಈ ವೃತ್ತಾಂತಗಳಲ್ಲಿ ಕಾಣಸಿಗುವುದು ಅಪರೂಪ.

ಕೋಟ್ನೀಸರ ನಿಜವಾದ ಸಾಧನೆಯನ್ನು ಪಾಠದ ಕೋಣೆಯಲ್ಲಿ ಹುಡುಕುವುದೇ ಹೆಚ್ಚು ಸೂಕ್ತ. ಬೆಥೂನ್ ಅವರ ಹೆಸರಿನ ವೈದ್ಯಕೀಯ ಶಾಲೆಯಲ್ಲಿ ಅವರು ಶಸ್ತ್ರಚಿಕಿತ್ಸೆಯನ್ನು ಬೋಧಿಸಿದರು. ಓದು ಅಲ್ಪವಾಗಿದ್ದ ಹಳ್ಳಿಯ ತರುಣ ತರುಣಿಯರನ್ನು ಅಲ್ಪಾವಧಿಯಲ್ಲಿ ವೈದ್ಯಕೀಯ ಸಹಾಯಕರನ್ನಾಗಿ ತಯಾರು ಮಾಡುವುದು ಆ ಪ್ರದೇಶದ ಅಗತ್ಯವಾಗಿತ್ತು. ಅದಕ್ಕಾಗಿ ಅವರು ಚೀನೀ ಭಾಷೆಯನ್ನು ಶ್ರಮಪಟ್ಟು ಕಲಿತು, ಆ ಭಾಷೆಯಲ್ಲಿಯೇ ಪಾಠ ಹೇಳಿದರು; ಶಸ್ತ್ರಚಿಕಿತ್ಸೆಯ ಪಠ್ಯಪುಸ್ತಕಗಳನ್ನು ಬರೆಯಲು ತೊಡಗಿದರು. ಸಹೋದ್ಯೋಗಿಗಳು ಅವರನ್ನು ನೆನೆದಿರುವುದು ನಗುಮುಖದ, ಬಿಡುವಿನ ವೇಳೆಯಲ್ಲಿ ಹಾಡುತ್ತಿದ್ದ ವ್ಯಕ್ತಿಯಾಗಿ. ನಿರ್ದೇಶಕರೆಂಬ ಕಾರಣಕ್ಕೆ ವಿಶೇಷ ಊಟ, ವಿಶೇಷ ಸೌಕರ್ಯ ಪಡೆಯಲು ಅವರು ಇಚ್ಛಿಸಲಿಲ್ಲ. ಎಲ್ಲರೂ ಉಣ್ಣುತ್ತಿದ್ದುದನ್ನೇ ಉಂಡರು. ಔಷಧಿ ಮುಗಿದ ದಿನಗಳಲ್ಲಿಯೂ ಆಸ್ಪತ್ರೆಯ ಸಿಬ್ಬಂದಿ ಎದೆಗುಂದದಿರಲು ಇಂತಹ ಒಡನಾಟವೂ ಒಂದು ಕಾರಣವಾಗಿದ್ದಿರಬೇಕು.

ಬೆಥೂನ್ ಅವರ ಸಮಾಧಿಯ ಸಮಾರಂಭದಲ್ಲಿ ಅವರಿಗೆ ಗುವೊ ಚಿಂಗ್‌ಲಾನ್ ಅವರ ಪರಿಚಯವಾಯಿತು. ಚಿಂಗ್‌ಲಾನ್ ಅವರು ಶುಶ್ರೂಷಾ ವಿಷಯದ ಶಿಕ್ಷಕಿ. 1941ರ ಕೊನೆಯಲ್ಲಿ ಇವರ ವಿವಾಹ ನೆರವೇರಿತು. 1942ರ ಆಗಸ್ಟ್‌ನಲ್ಲಿ ಗಂಡುಮಗು ಜನಿಸಿತು. ಸೇನಾನಿ ನಿಯೆ ರೊಂಗ್‌ಝೆನ್ ಅವರು ಮಗುವಿಗೆ ಇನ್‌ಹುವಾ ಎಂಬ ಹೆಸರನ್ನು ಸೂಚಿಸಿದರು. ಇನ್ ಎಂದರೆ ಭಾರತ, ಹುವಾ ಎಂದರೆ ಚೀನಾ.

ಆದರೆ ಆ ವೇಳೆಗಾಗಲೇ ಕೋಟ್ನೀಸರಿಗೆ ಅಪಸ್ಮಾರ ರೋಗ ತಗುಲಿತ್ತು. ಚಿಕಿತ್ಸೆಗಾಗಿ ಬೇರೆಡೆಗೆ ಹೋಗುವಂತೆ ಅವರಿಗೆ ಸಲಹೆ ನೀಡಲಾಗಿತ್ತಾದರೂ, ಅವರು ಆಸ್ಪತ್ರೆಯನ್ನು ಬಿಟ್ಟು ಹೋಗಲು ಒಪ್ಪಲಿಲ್ಲ. ರೋಗಿಗೆ ವಿಶ್ರಾಂತಿಯನ್ನು ವಿಧಿಸುವ ವೈದ್ಯರು ತಮಗೆ ಅದನ್ನು ವಿಧಿಸಿಕೊಳ್ಳಲಿಲ್ಲವೆಂಬುದನ್ನು ಇಲ್ಲಿ ಹೊಗಳಿಕೆಯಾಗಿ ಹೇಳುತ್ತಿಲ್ಲ. ಅವರ ಆಯುಷ್ಯ ಬೆಳೆದಿದ್ದರೆ ಆ ಪ್ರದೇಶಕ್ಕೆ ಎಷ್ಟೋ ಲಾಭವಾಗುತ್ತಿತ್ತು. 1942ರ ಡಿಸೆಂಬರ್ 9ರಂದು ರೋಗವು ಉಲ್ಬಣಿಸಿ ಅವರು ನಿಧನರಾದರು. ವಯಸ್ಸು ಮೂವತ್ತೆರಡು. ಮಗುವಿಗೆ ಇನ್ನೂ ನಾಲ್ಕು ತಿಂಗಳು ತುಂಬಿರಲಿಲ್ಲ. ಎರಡನೆಯ ಪಠ್ಯಪುಸ್ತಕದ ಬರವಣಿಗೆ ಅರ್ಧಕ್ಕೇ ನಿಂತಿತು.

ಡಾ. ಬಸು ಅವರು 1943ರಲ್ಲಿ ಸ್ವದೇಶಕ್ಕೆ ಮರಳಿದರು. ಮುಂದೆ ಅವರು ಸೂಜಿಚಿಕಿತ್ಸೆಯನ್ನು ಭಾರತದಲ್ಲಿ ಪ್ರಚುರಪಡಿಸಿದರು. ತಂಡದ ಕಥೆಯನ್ನು ಆಧರಿಸಿ ಖ್ವಾಜಾ ಅಹ್ಮದ್ ಅಬ್ಬಾಸ್ ಅವರು ಪುಸ್ತಕ ಬರೆದರು. 1946ರಲ್ಲಿ ವಿ. ಶಾಂತಾರಾಮ್ ಅವರು ಹಿಂದಿ ಚಲನಚಿತ್ರವನ್ನು ನಿರ್ಮಿಸಿ, ಕೋಟ್ನೀಸರ ಪಾತ್ರವನ್ನು ತಾವೇ ನಿರ್ವಹಿಸಿದರು. ಮಗ ಇನ್‌ಹುವಾ ತಂದೆಯಂತೆಯೇ ವೈದ್ಯಶಿಕ್ಷಣಕ್ಕೆ ಸೇರಿದ್ದರು. 1967ರಲ್ಲಿ, ವಿದ್ಯಾರ್ಥಿಯಾಗಿದ್ದಾಗಲೇ ತೀರಿಕೊಂಡರು. ಗುವೊ ಚಿಂಗ್‌ಲಾನ್ ಅವರು ಸೊಲ್ಲಾಪುರದ ಕುಟುಂಬದೊಂದಿಗಿನ ಬಾಂಧವ್ಯವನ್ನು ಉಳಿಸಿಕೊಂಡು, ಭಾರತಕ್ಕೆ ಹಲವು ಬಾರಿ ಭೇಟಿ ನೀಡಿ, 2012ರಲ್ಲಿ ನಿಧನರಾದರು.

ಹೆಬೈ ಪ್ರಾಂತ್ಯದ ಶಿಜಿಯಾಝುವಾಂಗ್ ನಗರದ ಹುತಾತ್ಮರ ಉದ್ಯಾನದಲ್ಲಿ ಕೋಟ್ನೀಸರ ಸಮಾಧಿಯಿದೆ, ಡಾ. ಬೆಥೂನ್ ಅವರ ಸಮಾಧಿಯೂ ಅದೇ ಉದ್ಯಾನದಲ್ಲಿದೆ. ಭಾರತ ಮತ್ತು ಚೀನಾ ಎರಡೂ ದೇಶಗಳು ಕೋಟ್ನೀಸರ ಸ್ಮರಣಾರ್ಥ ಅಂಚೆಚೀಟಿಗಳನ್ನು ಹೊರತಂದಿವೆ. ಸೊಲ್ಲಾಪುರದಲ್ಲಿರುವ ಅವರ ಮನೆಯನ್ನು ಸ್ಮಾರಕವಾಗಿ ರೂಪಿಸಲಾಗಿದೆ.