ಹೋಮಿ ಭಾಭಾ: ಸಾವಿನ ಫಾರ್ವರ್ಡ್ ಬಂದಿರುತ್ತದೆ, ಬೆಂಗಳೂರಿನ ಕೆಲಸ ಗೊತ್ತೇ?

ಹೋಮಿ ಭಾಭಾ ಅವರನ್ನು ಸಂಚು ಮಾಡಿ ಕೊಂದರು ಎಂಬ ಮೆಸೇಜ್ ನಿಮ್ಮ ಗ್ರೂಪಿಗೂ ಬಂದಿರಬಹುದು. 1966ರ ಜನವರಿ 24ರಂದು ಅವರಿದ್ದ ಏರ್ ಇಂಡಿಯಾ ವಿಮಾನ ಮಾಂಟ್ ಬ್ಲಾಂಕ್ ಪರ್ವತಕ್ಕೆ ಅಪ್ಪಳಿಸಿ, 117 ಮಂದಿ ತೀರಿಕೊಂಡರು. ಪರ್ವತ ದಾಟಿಯಾಯಿತೆಂದು ಪೈಲಟ್ ತಪ್ಪಾಗಿ ತಿಳಿದದ್ದೇ ಕಾರಣ ಎಂದು ಫ್ರಾನ್ಸ್‌ನ ತನಿಖೆ ಹೇಳಿತು. ಸಂಚಿಗೆ ಗಟ್ಟಿ ಪುರಾವೆ ಇಲ್ಲ. ಹಂಚಿಕೊಳ್ಳಬೇಕಾದದ್ದು ಅವರ ಬದುಕಿನ ಕಥೆ.

1909ರಲ್ಲಿ ಮುಂಬೈಯಲ್ಲಿ ಹುಟ್ಟಿದ ಭಾಭಾ ಕೇಂಬ್ರಿಡ್ಜ್‌ನಲ್ಲಿ ಓದಿದರು. 1939ರಲ್ಲಿ ರಜೆಗೆ ಬಂದಿದ್ದಾಗ ಮಹಾಯುದ್ಧ ಶುರುವಾಯಿತು. ವಾಪಸ್ ಹೋಗಲಿಲ್ಲ, ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ ಸೇರಿದರು. ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳನ್ನು ಅಳೆಯಲು ಅಮೆರಿಕದ ಮಿಲಿಟರಿ ವಿಮಾನಗಳಲ್ಲಿ ಉಪಕರಣ ಇಟ್ಟು, ನಮ್ಮ ಊರಿನ ಮೇಲೆಯೇ ಹಾರಿಸಿದರು. 1945ರಲ್ಲಿ ಟಿಐಎಫ್‌ಆರ್ ಸಂಸ್ಥೆ ಹುಟ್ಟಿದ್ದೂ ಇಲ್ಲೇ. ವರ್ಷದ ಕೊನೆಗೆ ಅದು ಮುಂಬೈಗೆ ಹೋಯಿತು.

1951ರಲ್ಲಿ ಭಾಭಾ ತಮ್ಮ ಶಿಷ್ಯ ಬಿ.ವಿ. ಶ್ರೀಕಂಠನ್ ಅವರನ್ನು ಕೋಲಾರದ ಚಿನ್ನದ ಗಣಿಗೆ ಕಳಿಸಿದರು. ಕಂಟೋನ್ಮೆಂಟ್, ಕೆ.ಆರ್. ಪುರ ದಾಟಿ ಮಾರಿಕುಪ್ಪಂಗೆ ಹೋಗುವ ರೈಲು ಹತ್ತಿದರೆ ಸಿಗುವುದು ಅದೇ ಕೆಜಿಎಫ್. ಗಣಿಯ ಆಳದಲ್ಲಿ ಬಂಡೆಯೇ ಜರಡಿ. ಉಳಿದ ಕಣಗಳನ್ನು ಅದು ತಡೆಯುತ್ತದೆ, ನ್ಯೂಟ್ರಿನೊ ಮಾತ್ರ ಸಲೀಸಾಗಿ ತೂರಿ ಬರುತ್ತದೆ. 1965ರಲ್ಲಿ, ಎರಡು ಕಿಲೋಮೀಟರಿಗೂ ಕೆಳಗೆ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು ಸಿಕ್ಕಿತು. ಜಗತ್ತಿನಲ್ಲೇ ಮೊದಲ ಸಾಲಿನ ಪತ್ತೆ ಅದು. ಕೆಲವೇ ತಿಂಗಳಲ್ಲಿ ಭಾಭಾ ಇಲ್ಲವಾದರು.

ನ್ಯೂಟ್ರಿನೊ ಸಿಕ್ಕಿತು ಸರಿ, ಅದರ ತೂಕ ಎಷ್ಟು? ಇಷ್ಟು ಹಗುರ ಕಣವನ್ನು ತೂಗುವ ತಕ್ಕಡಿ ಇಡೀ ವಿಶ್ವವೇ. ಮಹಾಸ್ಫೋಟದಲ್ಲಿ ಹುಟ್ಟಿದ ನ್ಯೂಟ್ರಿನೊಗಳು ಇಂದಿಗೂ ಪ್ರತಿ ಘನ ಸೆಂಟಿಮೀಟರಿನಲ್ಲಿ ಮುನ್ನೂರಕ್ಕೂ ಹೆಚ್ಚಿವೆ ಎಂಬುದು ಲೆಕ್ಕ. ಒಂದೊಂದೂ ಸ್ವಲ್ಪ ಭಾರವಾಗಿದ್ದರೂ ಒಟ್ಟು ಸೆಳೆತ ವಿಶ್ವದ ಹಿಗ್ಗುವಿಕೆಗೆ ಬ್ರೇಕ್ ಹಾಕುತ್ತಿತ್ತು. ಹಾಗಾಗಿಲ್ಲ, ಅಂದರೆ ತೂಕಕ್ಕೆ ಒಂದು ಮಿತಿ ಇದೆ. 1966ರಲ್ಲಿ ಸೋವಿಯತ್ ವಿಜ್ಞಾನಿಗಳಾದ ಗೆರ್ಶ್‌ಟೈನ್, ಜೆಲ್ಡೊವಿಚ್ ಹೀಗೆ ಲೆಕ್ಕ ಹಾಕಿದರು. 1972ರಲ್ಲಿ ಆ ಮಿತಿಯನ್ನು ಇನ್ನೂ ಬಿಗಿ ಮಾಡಿದವರಲ್ಲಿ ಒಬ್ಬರು ರಮಾನಾಥ್ ಕೌಶಿಕ್, ಭಾಭಾ ಕಟ್ಟಿದ ಟಿಐಎಫ್‌ಆರ್‌ನಿಂದ ಬಂದವರು. ಮುಂದೆ ಅವರು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ನಿರ್ದೇಶಕರಾದರು.

ಈಗ ಪ್ಲಾಂಕ್ ಉಪಗ್ರಹ ಮತ್ತು ಗ್ಯಾಲಕ್ಸಿಗಳ ಸಮೀಕ್ಷೆ ಸೇರಿಸಿ ಹೇಳುವುದೇನೆಂದರೆ, ಮೂರೂ ಬಗೆಯ ನ್ಯೂಟ್ರಿನೊಗಳ ಒಟ್ಟು ತೂಕ ಒಂದು ಎಲೆಕ್ಟ್ರಾನ್‌ನ 40 ಲಕ್ಷದಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ವಿಶ್ವದ ಬಗ್ಗೆ ನಮಗಿರುವ ಮಾದರಿ ಸರಿಯಾಗಿದ್ದರೆ ಮಾತ್ರ ಈ ಲೆಕ್ಕ ಸರಿ.

ಸಂಚಿನ ಮೆಸೇಜ್ ಮತ್ತೆ ಬಂದರೆ, ಈ ಕಥೆಯನ್ನು ಆ ಗ್ರೂಪಿಗೆ ಕಳಿಸಿ.