ಕಲ್ಯಾಣವನ್ನೇ ಪ್ರಶ್ನೆ ಮಾಡಿದ ಮಂಟೇಸ್ವಾಮಿ

ಧರ್ಮ ಸುಧಾರಣೆ ಅಂದ ಕೂಡಲೇ ನಮಗೆ ಹೈಸ್ಕೂಲಿನಲ್ಲಿ ಓದಿದ ಮಾರ್ಟಿನ್ ಲೂಥರ್ ನೆನಪಾಗುತ್ತಾರೆ. ದುಡ್ಡು ತಗೊಂಡು ಪಾಪಕ್ಷಮೆಯ ಪತ್ರ ಮಾರುತ್ತಿದ್ದ ಚರ್ಚಿನ ವಿರುದ್ಧ 1517ರಲ್ಲಿ 95 ವಾದಗಳನ್ನು ಬರೆದವರು ಅವರು. ಹೆಚ್ಚು ಕಡಿಮೆ ಅದೇ ಕಾಲದಲ್ಲಿ, ಅಂದರೆ 15-16ನೇ ಶತಮಾನದಲ್ಲಿ, ನಮ್ಮ ಕೊಳ್ಳೇಗಾಲ ಸೀಮೆಯಲ್ಲೂ ಅಂಥ ಒಬ್ಬರು ಓಡಾಡಿದ್ದರು. ಅವರೇ ಮಂಟೇಸ್ವಾಮಿ. ನಮ್ಮ ಯಾವ ಪಠ್ಯದಲ್ಲೂ ಅವರ ಪಾಠ ಇರಲಿಲ್ಲ.

ಮಂಟೇಸ್ವಾಮಿ ತಾವಾಗಿ ಏನನ್ನೂ ಬರೆದಿಟ್ಟಿಲ್ಲ. ಕೊಳ್ಳೇಗಾಲ, ಹನೂರು, ಯಳಂದೂರು ಕಡೆ ತಂಬೂರಿ, ಗಗ್ಗರ ಹಿಡಿದು ರಾತ್ರಿಯಿಡೀ ಹಾಡುವ ನೀಲಗಾರರ ಬಾಯಲ್ಲೇ ಅವರ ಬದುಕು ಉಳಿದಿದೆ. ಹಾಗಾಗಿ ಇತಿಹಾಸ ಎಲ್ಲಿ ಮುಗಿಯುತ್ತೆ, ಕಾವ್ಯ ಎಲ್ಲಿ ಶುರುವಾಗುತ್ತೆ ಅಂತ ಗೆರೆ ಎಳೆಯೋದು ಕಷ್ಟ.

ಹಾಡಿನ ಪ್ರಕಾರ ಮಂಟೇಸ್ವಾಮಿ ಬಸವಣ್ಣನ ಕಲ್ಯಾಣಕ್ಕೆ ಹೋಗುತ್ತಾರೆ. ಅಲ್ಲಿ ದಿನಾ 1,96,000 ಜಂಗಮರಿಗೆ ದಾಸೋಹ. ಮಂಟೇಸ್ವಾಮಿ ಮೈತುಂಬ ಹುಣ್ಣು ಮಾಡಿಕೊಂಡು, ಸತ್ತ ಕರು ಹೊತ್ತು, ಹೆಂಡದ ಗಡಿಗೆ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾರೆ. ಕಾವಲಿನವರು ಮೂಗು ಮುಚ್ಚಿಕೊಂಡು ಓಡಿಸುತ್ತಾರೆ. ಕೊನೆಗೆ ಬಸವಣ್ಣ, ನೀಲಮ್ಮ ಬಂದು ಗುರುತು ಹಿಡಿದು ಕಾಲಿಗೆ ಬೀಳುತ್ತಾರೆ. ಆದರೆ ಅಷ್ಟು ಹೊತ್ತಿಗೆ ಪರೀಕ್ಷೆಯ ರಿಸಲ್ಟ್ ಬಂದಾಗಿತ್ತು: ಅಲ್ಲಿ ನಿಜವಾದ ಶರಣರಿಗಿಂತ ವೇಷಕ್ಕೆ, ಊಟಕ್ಕೆ ಸೇರಿದವರೇ ಜಾಸ್ತಿ.

ಬಸವಣ್ಣ ಇದ್ದದ್ದು 12ನೇ ಶತಮಾನದಲ್ಲಿ. ಮಧ್ಯೆ ಮುನ್ನೂರು ವರ್ಷದ ಅಂತರ ಇದೆ, ಅವರಿಬ್ಬರು ಭೇಟಿಯಾಗೋದು ಹೇಗೆ? ನಮಗನ್ನಿಸುವುದು ಇಷ್ಟು. ಹಾಡು ಕಟ್ಟಿದವರಿಗೆ ತಾರೀಖು ಮುಖ್ಯ ಆಗಿರಲಿಲ್ಲ. ಜಾತಿ ಬೇಡ ಅಂತ ಹುಟ್ಟಿದ ಚಳವಳಿಯ ಬಾಗಿಲಿಗೂ ಕಾವಲುಗಾರರು ಬಂದದ್ದು ಯಾಕೆ ಅನ್ನೋದು ಅವರ ಪ್ರಶ್ನೆ. ಅದನ್ನು ಕೇಳಲು ಮಂಟೇಸ್ವಾಮಿಯನ್ನು ಕಲ್ಯಾಣಕ್ಕೇ ಕರೆದುಕೊಂಡು ಹೋದರು.

ಮಂಟೇಸ್ವಾಮಿಯನ್ನು ಪರಂಜ್ಯೋತಿ ಅಂತಲೂ ಕರೆಯುತ್ತಾರೆ. ಈ ಪಂಥದಲ್ಲಿ ದೇವರು ಅಂದರೆ ಬೆಳಕು. ಪೂಜೆ ಗದ್ದುಗೆಗೆ ಮತ್ತು ಕಂಡಾಯಕ್ಕೆ. ಯಾವ ಜಾತಿಯವರಾದರೂ ದೀಕ್ಷೆ ಪಡೆದು ನೀಲಗಾರರಾಗಬಹುದು. ಇವತ್ತಿಗೂ ಹಾಡುವವರಲ್ಲಿ ಹೆಚ್ಚಿನವರು ದಲಿತರು.

ಕಲ್ಯಾಣ ಬಿಟ್ಟು ದಕ್ಷಿಣಕ್ಕೆ ಬಂದ ಮಂಟೇಸ್ವಾಮಿ ಆಚಾರಿ ಮನೆಯ ಹುಡುಗ ಕೆಂಪಾಚಾರಿಯನ್ನು ಶಿಷ್ಯನನ್ನಾಗಿ ಮಾಡಿಕೊಂಡರು. ಅವನೇ ಮುಂದೆ ಸಿದ್ದಪ್ಪಾಜಿ. ಮಠ ಕಟ್ಟೋಕೆ ಕಬ್ಬಿಣದ ಭಿಕ್ಷೆ ತರಲು ಅವನನ್ನು ಹಲಗೂರಿನ ಪಾಂಚಾಳರ ಹತ್ತಿರ ಕಳಿಸಿದರು. ಅವರು ಕಬ್ಬಿಣ ಇಟ್ಟುಕೊಂಡೇ ಇಲ್ಲ ಅಂದರು, ಊಟದಲ್ಲಿ ವಿಷವನ್ನೂ ಹಾಕಿದರು. ಸಿದ್ದಪ್ಪಾಜಿ ಎಲ್ಲ ಪವಾಡ ಗೆದ್ದು ಬಂದ. ಕಬ್ಬಿಣ ಅಂದರೆ ಆಗ ನೇಗಿಲು, ಕತ್ತಿ, ಕೊಡಲಿ. ತಂತ್ರಜ್ಞಾನ ಗೊತ್ತಿದ್ದವರು ಅದನ್ನು ಬಚ್ಚಿಟ್ಟುಕೊಂಡ ಕಥೆ ಅಂತ ಓದಿದರೆ ಇಂಜಿನಿಯರಿಂಗ್ ಓದುವ ನಮಗೆ ಇದು ಸ್ವಲ್ಪ ಚುಚ್ಚುತ್ತೆ.

ಮಂಟೇಸ್ವಾಮಿಯ ಗದ್ದುಗೆ ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿದೆ, ಸಿದ್ದಪ್ಪಾಜಿಯ ಗದ್ದುಗೆ ಕೊಳ್ಳೇಗಾಲ-ಹನೂರು ಸೀಮೆಯ ಚಿಕ್ಕಲ್ಲೂರಿನಲ್ಲಿ. ಪುಷ್ಯ ಹುಣ್ಣಿಮೆಗೆ ಅಲ್ಲಿ 5 ದಿನ ಜಾತ್ರೆ. ಮೊದಲ ರಾತ್ರಿ ಚಂದ್ರಮಂಡಲ ಹಚ್ಚುತ್ತಾರೆ, ಅದು ಯಾವ ದಿಕ್ಕಿಗೆ ಚೆನ್ನಾಗಿ ಉರಿಯುತ್ತೋ ಆ ಕಡೆ ಮಳೆ-ಬೆಳೆ ಚೆನ್ನಾಗಿರುತ್ತೆ ಅಂತ ರೈತರ ನಂಬಿಕೆ. ನಾಲ್ಕನೇ ದಿನ ಪಂಕ್ತಿಸೇವೆ. ಅಲ್ಲೇ ಅಡುಗೆ ಮಾಡಿ, ಎಲ್ಲ ಜಾತಿಯವರೂ ಒಂದೇ ಸಾಲಲ್ಲಿ ಕೂತು ಊಟ ಮಾಡುತ್ತಾರೆ.

ಆದರೂ ಒಂದು ಮಾತು. ಗದ್ದುಗೆಯ ಪೀಠ ಅರಸು ಮನೆತನಗಳಲ್ಲಿ ವಂಶಪಾರಂಪರ್ಯವಾಗಿ ನಡೆದುಕೊಂಡು ಬಂದಿದೆ, ಹಾಡು ನೀಲಗಾರರ ಪಾಲಿಗಿದೆ. ಮಂಟೇಸ್ವಾಮಿ ಇವತ್ತು ಬಂದಿದ್ದರೆ ಇದನ್ನೂ ಕೇಳುತ್ತಿದ್ದರೇನೋ. ನಮ್ಮ ಸಂಘ, ನಮ್ಮ ಹಾಸ್ಟೆಲ್, ನಮ್ಮ ಮನೆಗಳ ಬಾಗಿಲಿಗೂ ಬರುತ್ತಿದ್ದರು. ಆಗ ನಮ್ಮಲ್ಲಿ ಯಾರು ಮೂಗು ಮುಚ್ಚಿಕೊಳ್ಳುತ್ತಿದ್ದೆವು ಅಂತ ನಾವೇ ಯೋಚನೆ ಮಾಡಬೇಕು.