ಆಡುಮಾತಿಗೆ ನಿಘಂಟಿನಲ್ಲಿ ಮಣೆ ಹಾಕಿದ ಕಿಟೆಲ್

ಚಿಂಚೋಳಿ ತಾಲೂಕಿನ ಗಡಿಯಂಚಿನ ಕುಂಚಾವರಂ ಭಾಗದಲ್ಲಿ ಕನ್ನಡ, ತೆಲುಗು, ಉರ್ದು, ಲಂಬಾಣಿ ಮಾತುಗಳು ಒಂದರ ಪಕ್ಕ ಒಂದು ಬದುಕಿವೆ. ಇಲ್ಲಿ ಒಳ್ಳೆಯದು 'ಛಲೋ', ನಿಜವು 'ಖರೆ', ಬಹಳವೆಂಬುದು 'ಭಾಳ'. ಇಂಥ ಮಾತು ಅಶುದ್ಧವೆಂಬ ತಾತ್ಸಾರ ಇಂದಿಗೂ ಅಳಿದಿಲ್ಲ. ಆದರೆ ಜನರ ಬಾಯಲ್ಲಿರುವ ಶಬ್ದವೂ ಪಂಪ, ನಾಗವರ್ಮರ ಕಾಲದ ಶಬ್ದದಷ್ಟೇ ದಾಖಲೆಗೆ ಅರ್ಹವೆಂದು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಬಗೆದವರು ರೆವರೆಂಡ್ ಫರ್ಡಿನೆಂಡ್ ಕಿಟೆಲ್.

ಕಿಟೆಲ್ ಅವರು 1832ರ ಏಪ್ರಿಲ್ 7ರಂದು ಜರ್ಮನಿಯ ಪೂರ್ವ ಫ್ರಿಸಿಯಾದ ರೆಸ್ಟರ್‌ಹಾಫೆ ಎಂಬಲ್ಲಿ ಪಾದ್ರಿಯೊಬ್ಬರ ಮಗನಾಗಿ ಜನಿಸಿದರು. ಬಳ್ಳಾರಿಯಲ್ಲಿ ದುಡಿದ ವಿಲಿಯಂ ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಪ್ರಕಟವಾದದ್ದೂ ಅದೇ ವರ್ಷ! ಬಾಸೆಲ್ ಮಿಶನ್ನಿನಲ್ಲಿ ತರಬೇತಿ ಪಡೆದು 1853ರಲ್ಲಿ ಭಾರತಕ್ಕೆ ಬಂದ ಅವರು ಧಾರವಾಡ, ಹುಬ್ಬಳ್ಳಿಗಳಲ್ಲಿ ನೆಲೆಸಿ ಕನ್ನಡ ಕಲಿತರು. ಮತಪ್ರಚಾರಕ್ಕೆಂದು ಬಂದವರಾದರೂ ಇಲ್ಲಿಯವರೊಂದಿಗೆ ಇಲ್ಲಿಯವರಂತೆಯೇ ಬಾಳಬೇಕೆಂಬ ಹಂಬಲ ಅವರದಾಗಿತ್ತು. ಅದು ಮಿಶನ್ನಿನ ಹಿರಿಯರಿಗೆ ಹಿಡಿಸಲಿಲ್ಲ. ಆ ಮುನಿಸು ಕನ್ನಡದ ಪಾಲಿಗೆ ವರವಾಯಿತೆಂದೇ ಹೇಳಬೇಕು. ಧರ್ಮಬೋಧನೆಗಿಂತ ಗ್ರಂಥಕಾರ್ಯದತ್ತಲೇ ಅವರ ಬಾಳು ಹೊರಳಿತು.

1860ರಲ್ಲಿ ಪೌಲೀನ್ ಐತ್ ಅವರನ್ನು ವರಿಸಿದರು. ನಾಲ್ಕೇ ವರ್ಷಗಳಲ್ಲಿ ಆಕೆ ತೀರಿಕೊಂಡರು. ಮುಂದೆ ಆಕೆಯ ಸೋದರಿ ಜೂಲಿ ಅವರನ್ನು ಮದುವೆಯಾದರು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣ, 1875ರಲ್ಲಿ ನಾಗವರ್ಮನ ಛಂದಸ್ಸು ಅವರ ಸಂಪಾದಕತ್ವದಲ್ಲಿ ಬೆಳಕು ಕಂಡವು.

ಅವರ ಜೀವಮಾನದ ಸಾಧನೆಯೆಂದರೆ 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ, ಸುಮಾರು 70,000 ಶಬ್ದಗಳ ಕನ್ನಡ-ಇಂಗ್ಲಿಷ್ ನಿಘಂಟು. ಹಳಗನ್ನಡ ಕಾವ್ಯಗಳ ಪದಗಳ ಬದಿಯಲ್ಲೇ ಒಲೆಯ ಮುಂದಿನ, ಹೊಲದ, ಸಂತೆಯ ಮಾತುಗಳೂ ಅಲ್ಲಿವೆ. ಅರ್ಥ ಬೆಳಗಲೆಂದು ಗಾದೆಗಳನ್ನು ಹೇರಳವಾಗಿ ಬಳಸಲಾಗಿದೆ. ಶಬ್ದವು ಮೈಸೂರು ಸೀಮೆಯದೇ, ದಕ್ಷಿಣ ಮರಾಠಾ ಸೀಮೆಯದೇ ಎಂಬುದನ್ನು ಸಂಕೇತಾಕ್ಷರಗಳಿಂದ ಗುರುತಿಸಲಾಗಿದೆ. ಧಾರವಾಡ, ಬೆಳಗಾವಿಗಳ ಪ್ರದೇಶವನ್ನು ಆಗ ದಕ್ಷಿಣ ಮರಾಠಾ ಸೀಮೆಯೆಂದೇ ಕರೆಯುತ್ತಿದ್ದರು. ಒಂದೂರಿನ ಮಾತನ್ನು ಇನ್ನೊಂದೂರಿನ ಮಾತಿನ ಅಪಭ್ರಂಶವೆಂದು ತಳ್ಳಿಹಾಕದೆ, ಅದರ ಊರನ್ನು ಹೇಳಿ ಗೌರವಿಸುವ ಈ ಕ್ರಮ ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಮರಾಠಿ, ಹಿಂದುಸ್ತಾನಿಗಳಿಂದ ಬಂದು ಕನ್ನಡಿಗರ ನಾಲಿಗೆಗೆ ಹೊಂದಿಕೊಂಡ ಪದಗಳನ್ನೂ ಅವರು ಹೊರಗಿಡಲಿಲ್ಲ.

ಇದಕ್ಕೆ ತೆತ್ತ ಬೆಲೆ ದೊಡ್ಡದು. ಆರೋಗ್ಯ ಕೆಟ್ಟು 1877ರಲ್ಲಿ ತಾಯ್ನಾಡಿಗೆ ಮರಳಿದ್ದ ಅವರು, ಶಬ್ದಗಳ ಅರ್ಥವನ್ನು ಆಡುವ ಜನರಿಂದಲೇ ಖಚಿತಪಡಿಸಿಕೊಳ್ಳಲು 1883ರಲ್ಲಿ ಮತ್ತೆ ಭಾರತಕ್ಕೆ ಬಂದರು. ವಯಸ್ಸು ಐವತ್ತು ದಾಟಿತ್ತು, ಕಣ್ಣುಗಳು ಸೋತಿದ್ದವು. 1892ರಲ್ಲಷ್ಟೇ ಅವರು ಕೊನೆಯ ಬಾರಿಗೆ ಹಡಗು ಹತ್ತಿದರು. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. 1903ರಲ್ಲಿ ಅವರ ಕನ್ನಡ ವ್ಯಾಕರಣ ಹೊರಬಂದಿತು. ಅದೇ ವರ್ಷ ಡಿಸೆಂಬರ್ 18ರಂದು ಟ್ಯೂಬಿಂಗನ್ನಿನಲ್ಲಿ ನಿಧನರಾದರು.

ಈ ಭಾಗದ ಓದುಗರಿಗೆ ಒಂದು ಕೊರಗು ಉಳಿದೇ ಉಳಿಯುತ್ತದೆ. ಕಿಟೆಲ್ ನೆಲೆಸಿ ದುಡಿದದ್ದು ಧಾರವಾಡ, ಹುಬ್ಬಳ್ಳಿ, ಮಂಗಳೂರು, ಮಡಿಕೇರಿಗಳಲ್ಲಿ. ಸೇಡಂ, ಚಿತ್ತಾಪುರ, ಚಿಂಚೋಳಿಗಳು ಆಗ ನಿಜಾಮನ ಸೀಮೆಯಲ್ಲಿದ್ದವು. ಧಾರವಾಡದೊಂದಿಗೆ ಹಂಚಿಕೊಂಡ ಎಷ್ಟೋ ಮಾತುಗಳು ಈ ನೆಲದಲ್ಲೂ ಇವೆ, ನಿಜ. ಆದರೆ ಉರ್ದು, ತೆಲುಗುಗಳೊಡನೆ ಬೆರೆತು ಬೆಳೆದ ಇಲ್ಲಿಯ ನುಡಿಗೆ ಅಂಥ ಕಿವಿಗೊಟ್ಟವರು ಆ ಶತಮಾನದಲ್ಲಿ ಬರಲಿಲ್ಲ. ಮದರಾಸು ವಿಶ್ವವಿದ್ಯಾಲಯವು ಎಂ. ಮರಿಯಪ್ಪ ಭಟ್ಟರ ಪರಿಷ್ಕರಣೆಯಲ್ಲಿ ಕಿಟೆಲ್ ನಿಘಂಟಿನ ಹೊಸ ಸಂಪುಟಗಳನ್ನು 1968ರಲ್ಲಿ ಹೊರತರಲಾರಂಭಿಸಿತು. ಗುಲಬರ್ಗಾ ಕನ್ನಡದ ಧ್ವನಿ ಮತ್ತು ಶಬ್ದಸಂಪತ್ತನ್ನು ಕುರಿತ ಆರ್. ಮಹಾದೇವನ್ ಅವರ ಅಧ್ಯಯನವನ್ನು ಪುಣೆಯ ಡೆಕ್ಕನ್ ಕಾಲೇಜು ಪ್ರಕಟಿಸಿದ್ದೂ ಅದೇ ವರ್ಷ.